ಬಿಳಿನೀರಿನ ಅಂಬಿಗರು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಕಾರಕೂನನಾದವನು. ಹಗಲೆಲ್ಲ ಹಾಜರಿ ಪುಸ್ತಕ, ಚೀಲಗಳ ಲೆಕ್ಕ. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವದು, ನೀವು ಒಯ್ದ ಪುಸ್ತಕಗಳನ್ನು ತಿರುಗಿ ಕೇಳುವದು. ಪುಸ್ತಕ ಕೇಳುವಾಗ ನನ್ನ ಮುಖ ತಪ್ಪಿಸಿ ಹೋಗುವ ಕೆಲವು ಮಹನೀಯರು ಇಂದು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ, ಬಹಳ ಸಂತೋಷ.

ಈ ಕೂಟದಲ್ಲಿ ದಾಸಸಾಹಿತ್ಯದ ಮೇಲೆ ಮಾತುಗಳಾಗಿವೆ. ಪ್ರಾವಿಡೆಂಟ್ ಫಂಡಿನ ಮೇಲೆ, ಸಕ್ಕರೆ ಕಾಯಿಲೆಯ ಮೇಲೆ ಆಗಿವೆ. ನಾನು ಹೊಳೆಯ ವಿಷಯ ಮಾತಾಡುತ್ತೇನೆ ಎಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಹೊಳೆ ಎಂದರೆ ಬರಿಯ ಹೊಳೆಯಲ್ಲ. ಬಂಡೆಗಳ ನಡುವೆ ಬೆಳ್ಳಗೆ ನೊರೆಗಟ್ಟಿ ಧುಮುಕುವ ನೀರಿನಲ್ಲಿ ರಬ್ಬರಿನ ದೋಣಿ ನಡೆಸುವದು. ಇದಕ್ಕೆ ರಾಫ್ಟಿಂಗ್ ಎನ್ನುತ್ತಾರೆ. ಆ ದೋಣಿಯ ಹಿಂಬದಿಗೆ ಕುಳಿತು ಉಳಿದವರನ್ನು ದಾಟಿಸುವವನಿಗೆ ರಿವರ್ ಗೈಡ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅಂಬಿಗನೇ. ಶ್ರೀಮಂತರ ಮಕ್ಕಳ ಈ ಆಟ ನಮಗೇಕೆ ಎಂದು ನೀವು ಕೇಳಬಹುದು. ಆರು ತಿಂಗಳ ಹಿಂದೆ ನಾನೂ ಹಾಗೆಯೇ ಕೇಳಿದ್ದೆ.

ಕಾರಣ ಮನೆಯದು. ನನ್ನ ಅಕ್ಕನ ಮಗ ಇಪ್ಪತ್ತೊಂದು ವರುಷದವನು. ಊರು ಬಿಟ್ಟು ಬಂದು ನನ್ನ ಖೋಲಿಯಲ್ಲಿಯೇ ಇದ್ದ. ಚಾಕಣದ ಕಡೆಗೆ ಒಂದು ಕಾರಖಾನೆಯಲ್ಲಿ ಕಂತ್ರಾಟಿನ ಕೆಲಸ. ಕೆಲವು ತಿಂಗಳು ಕೆಲಸ, ಆಮೇಲೆ ಕಂತ್ರಾಟು ಮುಗಿಯಿತೆಂದು ಮನೆಗೆ ಕಳಿಸುವದು, ಮತ್ತೆ ಬೇರೆ ಹೆಸರಿನ ಕಂತ್ರಾಟುದಾರನ ಬಳಿ ಹೊಸದಾಗಿ ನಿಲ್ಲುವದು. ನಿಮ್ಮಲ್ಲಿ ಅರ್ಧ ಜನಕ್ಕೆ ಇದನ್ನು ವಿವರಿಸುವ ಅವಶ್ಯಕತೆ ಇಲ್ಲ. ಮೂರನೆಯ ಸಲ ಹೀಗಾದಾಗ ಹುಡುಗ ನನ್ನ ಮುಂದೆ ಬಂದು ನಿಂತು, "ಮಾಮಾ, ನಾ ಕೋಲಾಡಕ್ಕ ಹೋಗ್ತೀನ್ರಿ. ಹೊಳ್ಯಾಗ ಗೈಡ್ ಆಗ್ತೀನಿ" ಎಂದ. ಗೆಳೆಯರ ಸಂಗಡ ಒಮ್ಮೆ ಹೋಗಿ ಬಂದಿದ್ದನಂತೆ.

ಊರಿಗೆ ಫೋನು ಹೋಯಿತು. ಅಕ್ಕ ಮಾತಾಡಲಿಲ್ಲ, ಅತ್ತಳು. ಅವಳು ಯಾಕೆ ಅತ್ತಳೆಂಬುದನ್ನು ಹೇಳದೆ ಮುಂದಿನ ಮಾತು ನಿಮಗೆ ತಿಳಿಯುವದಿಲ್ಲ.

ನಮ್ಮದು ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಯ ಊರು. ನನಗೆ ಒಂಬತ್ತು ವರುಷ. ಗಣಪತಿ ಬಿಡುವ ದಿನ. ಆ ವರುಷ ಮೇಲೆ ಒಳ್ಳೆಯ ಮಳೆಯಾಗಿ ಹೊಳೆ ಕೆಂಪಗೆ, ದಂಡೆಯ ಸರಿಸಮ ಹರಿಯುತ್ತಿತ್ತು. ಗಣಪತಿಯನ್ನು ಬಂಡಿಯ ಮೇಲೆ ಹಗ್ಗದಿಂದ ಬಿಗಿದು ತಂದಿದ್ದರು. ನೀರಿಗೆ ಇಳಿಸುವ ಗದ್ದಲದಲ್ಲಿ ಒಬ್ಬ ಹುಡುಗ ಕಾಲು ಜಾರಿ ಸೆಳವಿಗೆ ಸಿಕ್ಕ. ನಮ್ಮ ಸೋದರಮಾವ ಊರಿನಲ್ಲಿಯೇ ಗಟ್ಟಿ ಈಜುಗಾರ. ಒಂದು ದಂಡೆಯಿಂದ ಇನ್ನೊಂದಕ್ಕೆ ಈಸಿ ಬರುವವನು. ಉಟ್ಟ ಧೋತರದ ಮೇಲೆಯೇ ಹಾರಿದ. ಹುಡುಗನನ್ನು ಹಿಡಿದ, ದಂಡೆಯ ಜಾಲಿಯ ಕಡೆಗೆ ದೂಡಿದ. ಹುಡುಗ ಟೊಂಗೆ ಹಿಡಿದು ಉಳಿದ. ಮಾವ ಎರಡು ಸಲ ತಲೆ ಎತ್ತಿದ. ಮೂರನೆಯ ದಿನ ಕೆಳಗಿನ ಊರಿನವರು ಬಂದು ತಿಳಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಗಂಡುಮಕ್ಕಳು ಹೊಳೆಗೆ ಇಳಿಯುವದಿಲ್ಲ. ನನಗೆ ಇಂದಿಗೂ ಈಜು ಬರುವದಿಲ್ಲ. ದಂಡೆಯ ಊರಿನವನಾಗಿ ಇದನ್ನು ಹೇಳಿಕೊಳ್ಳುವದು ನಾಚಿಕೆಯ ಸಂಗತಿ, ಆದರೆ ನಿಜ.

ಅಕ್ಕ ಕೊನೆಗೆ ಅಂದದ್ದು ಒಂದೇ ಮಾತು: "ನೀ ಹೋಗಿ ನೋಡು. ಆಮ್ಯಾಲೆ ಬ್ಯಾಡ ಅಂತ ಅವನಿಗೆ ನೀನ ಹೇಳು." ಹೀಗಾಗಿ ಬೇಡ ಎನ್ನುವದಕ್ಕಾಗಿಯೇ ನಾನು ಒಂದು ರವಿವಾರ ನಸುಕಿನಲ್ಲಿ ಹೊರಟೆ.

ಕೋಲಾಡ ರಾಯಗಡ ಜಿಲ್ಲೆಯಲ್ಲಿ, ರೋಹಾ ತಾಲೂಕಿನಲ್ಲಿದೆ. ಪುಣೆಯಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು. ದಾರಿ ಮುಳಶಿಯ ಕೆರೆಯ ದಂಡೆಗುಂಟ ಹೋಗಿ ತಾಮ್ಹಿಣಿ ಘಾಟು ಇಳಿಯುತ್ತದೆ. ಮುಳಶಿಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ; ಮಳೆಗಾಲದಲ್ಲಿ ಮೆಕ್ಕೆತೆನೆ ತಿನ್ನಲು ಹೋಗಿಯೂ ಇರುತ್ತೀರಿ. ಆ ಕೆರೆಯ ಕಥೆ ನನಗೆ ಅಂದಿನವರೆಗೆ ಪೂರ್ತಿ ತಿಳಿದಿರಲಿಲ್ಲ. ಬಂದಮೇಲೆ ನಮ್ಮ ಇದೇ ಕಪಾಟಿನ ಪುಸ್ತಕಗಳನ್ನು ಕೆದಕಿ ನೋಡಿದೆ.

ಮುಂಬಯಿಯ ಅರಿವೆಗಿರಣಿಗಳಿಗೂ ಊರಿಗೂ ವಿದ್ಯುತ್ತು ಬೇಕಾಗಿ ಟಾಟಾ ಕಂಪನಿಯವರು ಮುಳಶಿಯಲ್ಲಿ ಮುಳಾ ಮತ್ತು ನೀಳಾ ಹೊಳೆಗಳಿಗೆ ಕಟ್ಟೆ ಕಟ್ಟಿದರು. ಹೊಲ ಮುಳುಗುವ ಮಾವಳ ರೈತರು ೧೯೨೧ರಲ್ಲಿ ಸತ್ಯಾಗ್ರಹ ಹೂಡಿದರು. ಮುಂದಾಳು ಪಾಂಡುರಂಗ ಮಹಾದೇವ ಬಾಪಟರು. ಅವರಿಗೆ ಸೇನಾಪತಿ ಎಂಬ ಹೆಸರು ಬಂದದ್ದು ಈ ಹೋರಾಟದಿಂದಲೇ. ಮೂರು ವರುಷ ಹೋರಾಡಿ ರೈತರು ಸೋತರು. ಕಟ್ಟೆಯಾಯಿತು. ಘಾಟಿನ ಕೆಳಗೆ ಭಿರಾ ಎಂಬಲ್ಲಿ ೧೯೨೭ರಲ್ಲಿ ವಿದ್ಯುದಾಗಾರ ಶುರುವಾಯಿತು. ಕೆರೆಯ ನೀರನ್ನು ಸುರಂಗದಲ್ಲಿ, ದೊಡ್ಡ ಕೊಳವೆಗಳಲ್ಲಿ ಹಾಯಿಸಿ, ಸುಮಾರು ೫೦೦ ಮೀಟರ್ ಕೆಳಗೆ ಬೀಳಿಸಿ, ಯಂತ್ರ ತಿರುಗಿಸಿ ಹೊರಗೆ ಬಿಡುತ್ತಾರೆ. ಹಾಗೆ ಬಿಟ್ಟ ನೀರು ಕುಂಡಲಿಕಾ ಎಂಬ ಹೊಳೆಯಲ್ಲಿ ಹರಿದು, ರೋಹೆಯ ಮೇಲಿಂದ ಹೋಗಿ, ರೇವದಂಡೆಯ ಹತ್ತಿರ ಸಮುದ್ರ ಸೇರುತ್ತದೆ. ಕೋಲಾಡದ ರಾಫ್ಟಿಂಗ್ ನಡೆಯುವದು ಈ ನೀರಿನ ಮೇಲೆ.

ಇಲ್ಲಿ ತುಸು ನಿಲ್ಲಿರಿ. ಕಟ್ಟೆ ಇಲ್ಲದಿದ್ದರೆ ಈ ನೀರು ಎಲ್ಲಿಗೆ ಹೋಗುತ್ತಿತ್ತು? ಮುಳಾ ಹೊಳೆಯೆಂದರೆ ನಮ್ಮ ಪುಣೆಯ ಸಂಗಮದಲ್ಲಿ ಮುಠೆಯನ್ನು ಕೂಡುವ ಹೊಳೆ. ಮುಳಾ ಮುಠಾ ಕೂಡಿ ಭೀಮೆಗೆ ಸೇರುತ್ತವೆ. ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ವಿಠ್ಠಲನ ಪಾದ ತೊಳೆದು, ಕನ್ನಡನಾಡಿಗೆ ಇಳಿದು, ಅಫಜಲಪುರ, ಜೇವರ್ಗಿ, ಯಾದಗಿರಿ ದಾಟಿ ರಾಯಚೂರಿನ ಕಡೆಗೆ ಕೃಷ್ಣೆಯಲ್ಲಿ ಬೆರೆಯುತ್ತಾಳೆ. ಅಂದರೆ ನಮ್ಮೂರ ಘಾಟಿಗೆ ಬರಬೇಕಾದ ನೀರಿನಲ್ಲಿ ಒಂದು ಪಾಲು ಘಾಟು ಇಳಿದು, ದೀಪ ಹಚ್ಚಿ, ಕೋಲಾಡದಲ್ಲಿ ಜನರನ್ನು ಕುಣಿಸಿ ಪಡುಗಡಲಿಗೆ ಹೋಗುತ್ತದೆ. ಹೊಟ್ಟೆಗಾಗಿ ದಿಕ್ಕು ಬದಲಿಸಿದವರು ನಾವಷ್ಟೇ ಅಲ್ಲ ಎಂದು ನಗು ಬಂತು. ಆದರೆ ಅಕ್ಕನಿಗೆ ಇದನ್ನು ಹೇಗೆ ಹೇಳುವದು? ಮಗ ಬೇರೆ ಹೊಳೆಗೆ ಹೋಗಿಲ್ಲ, ಭೀಮೆಯ ನೀರಿನಲ್ಲಿಯೇ ಇದ್ದಾನೆ ಎಂದೇ?

ಕೋಲಾಡಕ್ಕೆ ಮುಟ್ಟಿದಾಗ ಎಂಟು ಗಂಟೆ. ಹೊಳೆ ನೋಡಿದರೆ ಬಂಡೆಗಳ ನಡುವೆ ಮೊಣಕಾಲು ನೀರು. ಇದರಲ್ಲಿ ದೋಣಿಯೇ ಎಂದು ನಾನು ಹುಬ್ಬೇರಿಸಿದೆ. "ನೀರು ಇನ್ನೂ ಬರಬೇಕು" ಎಂದ ಹುಡುಗ. ವಿದ್ಯುದಾಗಾರದವರು ಯಂತ್ರ ನಡೆಸಿ ನೀರು ಬಿಟ್ಟಾಗ ಮಾತ್ರ ಇಲ್ಲಿ ಹೊಳೆಗೆ ಜೀವ. ಬೆಳಗಿನ ಆ ಕೆಲವು ತಾಸುಗಳ ಒಳಗೆ ದೋಣಿಗಳು ಇಳಿದು ಹೋಗಬೇಕು. ನಮ್ಮ ಗಿರಣಿಯ ಭೋಂಗಾ ಇದ್ದ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಒಂದು ಸಪ್ಪಳ ಕೇಳಿಸಿತು. ದೂರದಲ್ಲಿ ಗೋದಿ ಬೀಸುವ ಸಪ್ಪಳದಂತೆ. ನೋಡನೋಡುತ್ತ ಬಂಡೆಗಳು ಒಂದೊಂದಾಗಿ ಮುಳುಗಿದವು. ಮೊಣಕಾಲು ನೀರು ಇದ್ದಲ್ಲಿ ಆಳು ಮುಳುಗುವ ನೀರು. ಇದೊಂದನ್ನು ನಿಮ್ಮ ಮಕ್ಕಳಿಗೆ ಹೇಳಿರಿ: ಕಟ್ಟೆಯ ಕೆಳಗಿನ ಹೊಳೆ ಒಣಗಿದಂತೆ ಕಂಡರೂ ಅದರ ನಡುಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಬಾರದು.

ದೋಣಿ ಎಂದರೆ ಗಾಳಿ ತುಂಬಿದ ದಪ್ಪ ರಬ್ಬರಿನ ತೆಪ್ಪ. ಗಾಳಿಯ ಕೋಣೆಗಳು ಬೇರೆ ಬೇರೆ ಇರುತ್ತವೆ. ಒಂದು ಒಡೆದರೂ ಉಳಿದವು ತೇಲಿಸುತ್ತವೆ. ತಳದ ಅಂಚಿಗೆ ತೂತುಗಳಿದ್ದು ಒಳಗೆ ಬಂದ ನೀರು ತಾನೇ ಹೊರಗೆ ಹೋಗುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ರಬ್ಬರು ದೋಣಿಗಳು ಅಮೇರಿಕೆಯಲ್ಲಿ ಅಗ್ಗವಾಗಿ ಸಿಕ್ಕವು. ಅವುಗಳಲ್ಲಿ ಕೊಲೊರಾಡೊ ನದಿಯ ಕಣಿವೆಗೆ ಜನರನ್ನು ಇಳಿಸುವದು ಅಲ್ಲಿ ಒಂದು ಉದ್ಯೋಗವಾಯಿತು. ೧೯೫೦ರ ದಶಕದಲ್ಲಿ ಜಾರ್ಜಿ ವೈಟ್ ಎಂಬ ಹೆಣ್ಣುಮಗಳೇ ಅಲ್ಲಿ ಹೆಸರಾದ ಅಂಬಿಗಳು. ನಮ್ಮ ದೇಶದಲ್ಲಿ ಹೃಷಿಕೇಶದ ಗಂಗೆಯಲ್ಲಿ ೧೯೮೦ರ ದಶಕದಿಂದ ಇದು ಬೆಳೆಯಿತು. ಕೊಂಕಣದ ಈ ಹೊಳೆಗೆ ಬಂದದ್ದು ಈಚೆಗೆ.

ಆದರೆ ಇಷ್ಟು ಹೊಸದೆಂದು ಹೇಳುವಾಗ ನಮಗೆ ನಮ್ಮ ಹರಿಗೋಲು ನೆನಪಾಗಬೇಕು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯೆಸ್ ಎಂಬ ಪೋರ್ತುಗೀಜನು ಆನೆಗೊಂದಿಗೆ ದಾಟುವ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಕೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತ ತಿರುಗುತ್ತ ದಾಟುತ್ತವೆ ಎಂದು. ರಬ್ಬರು ದೋಣಿಗೆ ಇದು ಅಜ್ಜ ಅಲ್ಲವಾದರೂ ದೊಡ್ಡಪ್ಪನಂತೂ ಹೌದು. ಬಂಡೆಗೆ ಬಡಿದರೆ ಮುರಿಯದೆ ಬಾಗುವದು, ತಳ ಮಟ್ಟಸವಿದ್ದು ತೆಳುನೀರಿನಲ್ಲಿಯೂ ತೇಲುವದು, ಗುಣ ಒಂದೇ.

ಹೊರಡುವ ಮೊದಲು ಅರ್ಧ ತಾಸು ಪಾಠ. ಹೇಳುವವನು ಅಲ್ಲಿಯ ಹಳ್ಳಿಯ ಹುಡುಗ, ಹೆಚ್ಚೆಂದರೆ ಇಪ್ಪತ್ತೆಂಟು ವಯಸ್ಸು. ಗಢವಾಲದಿಂದ ಬಂದ ಗೈಡ್‌ಗಳ ಕೈಕೆಳಗೆ ಕಲಿತವನು. ಮರಾಠಿಯಲ್ಲಿ ಹೇಳಿದ, ಅರ್ಥವಾಗದವರಿಗೆ ಹಿಂದಿಯಲ್ಲಿ ಹೇಳಿದ. ಹೆಲ್ಮೆಟ್ಟಿನ ಪಟ್ಟಿ, ತೇಲುವ ಜಾಕೀಟಿನ ಪಟ್ಟಿ ಒಂದೊಂದನ್ನೂ ತಾನೇ ಜಗ್ಗಿ ನೋಡಿದ. ಜಾಕೀಟನ್ನು ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿದರೆ ಕಿವಿಯವರೆಗೆ ಬರಬಾರದು. ಬಂದರೆ ನೀರಿನಲ್ಲಿ ಮನುಷ್ಯ ಕೆಳಗೆ, ಜಾಕೀಟು ಮೇಲೆ. ನನ್ನ ಹೊಟ್ಟೆಯ ಪಟ್ಟಿಯನ್ನು ಆತ ಬಿಗಿದಾಗ ಉಸಿರು ನಿಂತಂತಾಯಿತು. ಈಜು ಬರುವದಿಲ್ಲ ಎಂದು ಮೆಲ್ಲಗೆ ಹೇಳಿದೆ. "ಅಡ್ಡಿಯಿಲ್ಲ, ಈಜು ಬರುತ್ತದೆ ಎನ್ನುವವರದೇ ನಮಗೆ ಚಿಂತೆ" ಎಂದ.

ಆಮೇಲೆ ಹೇಳಿದ್ದನ್ನು ನಾನು ಮನೆಗೆ ಬಂದು ಬರೆದಿಟ್ಟೆ. ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿರಿ. ಹರಿಯುವ ನೀರು ಸೊಂಟದವರೆಗಷ್ಟೇ ಇದ್ದರೂ ಕಾಲು ಎರಡು ಬಂಡೆಗಳ ಸಂದಿಗೆ ಸಿಕ್ಕರೆ ಸೆಳವು ಬೆನ್ನ ಮೇಲೆ ಕುಳಿತು ತಲೆಯನ್ನು ಒಳಗೆ ಒತ್ತುತ್ತದೆ. ಅಂಗಾತ ಮಲಗಿರಿ, ಕಾಲು ಮುಂದೆ, ನೀರು ಹೋಗುವ ದಿಕ್ಕಿಗೆ, ಹೆಬ್ಬೆರಳು ನೀರಿನ ಮೇಲೆ ಕಾಣಲಿ. ಬಂಡೆ ಬಂದರೆ ಕಾಲಿನಿಂದ ಒದೆಯಬಹುದು, ತಲೆಯಿಂದ ಒದೆಯಲಾಗದು. ಹಗ್ಗ ಎಸೆದರೆ ಹಗ್ಗವನ್ನು ಎದೆಗೆ ಹಿಡಿದು ಬೆನ್ನ ಮೇಲೆ ತೇಲಿರಿ, ಕೈಗೆ ಸುತ್ತಿಕೊಳ್ಳಬೇಡಿರಿ. ಬಿದ್ದ ಮರ ನೀರಿನಲ್ಲಿ ಅಡ್ಡ ಮಲಗಿದ್ದರೆ ಅದು ಆಸರೆಯಲ್ಲ, ಜರಡಿ. ನೀರು ಹಾಯುತ್ತದೆ, ಮನುಷ್ಯ ಉಳಿಯುತ್ತಾನೆ.

ದೋಣಿಯಲ್ಲಿ ನಾವು ಎಂಟು ಜನ. ಎಲ್ಲರ ಕೈಯಲ್ಲಿ ಒಂದೊಂದು ಹುಟ್ಟು. ಹಿಂದೆ ಗೈಡ್. ಅವನು "ಮುಂದೆ" ಎಂದರೆ ಮುಂದೆ ಹಾಕಬೇಕು, "ಹಿಂದೆ" ಎಂದರೆ ಹಿಂದೆ, "ಕೆಳಗೆ" ಎಂದರೆ ದೋಣಿಯ ಒಳಗೆ ಕುಕ್ಕರಿಸಬೇಕು. ಮೊದಲ ಇಳಿತದಲ್ಲಿ ನಾನು ಕಣ್ಣು ಮುಚ್ಚಿದೆ, ಹುಟ್ಟು ಹಾಕಿದೆನೋ ಇಲ್ಲವೋ ದೇವರಿಗೇ ಗೊತ್ತು. ಎರಡನೆಯದರಲ್ಲಿ ಕಣ್ಣು ತೆರೆದೆ. ಮೂರನೆಯದರಲ್ಲಿ ನಾನು, ಹಾಜರಿ ಪುಸ್ತಕದ ಕಾರಕೂನ, ಸಣ್ಣ ಹುಡುಗನಂತೆ ಕೂಗಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನೀರಿಗೆ ಹೆದರಿ ಇಪ್ಪತ್ತೈದು ವರುಷ ಕಳೆದವನಿಗೆ ಆ ನೀರು ಮುಖಕ್ಕೆ ಹೊಡೆದಾಗ ಏನಾಯಿತೆಂದು ಹೇಳಲು ನನ್ನಲ್ಲಿ ಮಾತಿಲ್ಲ.

ಅರ್ಧ ದಾರಿಯಲ್ಲಿ ನಮ್ಮ ಮುಂದಿನ ದೋಣಿ ಒಂದು ಬಂಡೆಗೆ ಓರೆಯಾಗಿ ತಾಗಿ ಎತ್ತಿತು. ಅದರಲ್ಲಿದ್ದ ಒಬ್ಬ ತರುಣ ನೀರಿಗೆ ಬಿದ್ದ. ಬಿದ್ದವನೇ ಹೇಳಿದ್ದೆಲ್ಲ ಮರೆತು ಕೈ ಬಡಿಯತೊಡಗಿದ. ನಮ್ಮ ಸಂಗಡ ಬಂದ ದಪ್ಪ ಮನುಷ್ಯರೊಬ್ಬರು "ಹಾರ್ರಿ, ಯಾರಾದರೂ ಹಾರ್ರಿ" ಎಂದು ಚೀರಿದರು. ಯಾರೂ ಹಾರಲಿಲ್ಲ. ಕೆಳಗಿನ ತಿರುವಿನಲ್ಲಿ ಬಂಡೆಯ ಮೇಲೆ ಮೊದಲೇ ಒಬ್ಬ ಗೈಡ್ ನಿಂತಿದ್ದ; ನಾನು ಆತನನ್ನು ಗಮನಿಸಿರಲೇ ಇಲ್ಲ. ಆತನ ಕೈಯಲ್ಲಿ ತೆಂಗಿನಕಾಯಿಗಿಂತ ತುಸು ದೊಡ್ಡ ಒಂದು ಚೀಲ. ಬಿದ್ದವನ ಹೆಸರು ಹಿಡಿದು ಒಮ್ಮೆ ಕೂಗಿದ, ತಿರುಗಿ ನೋಡುವಂತೆ ಮಾಡಿದ, ಚೀಲ ಎಸೆದ. ಒಳಗಿನ ಹಗ್ಗ ಬಿಚ್ಚುತ್ತ ಹೋಗಿ ಬಿದ್ದವನ ಭುಜದ ಮೇಲೆ ಬಿತ್ತು. ಆತ ಹಿಡಿದ. ಗೈಡ್ ಕುಳಿತು ಹಿಂದಕ್ಕೆ ವಾಲಿದ, ನೀರೇ ಅವನನ್ನು ದಂಡೆಗೆ ತಂದು ಹಾಕಿತು. ಇಷ್ಟಕ್ಕೆ ನಾನು ಈಗ ಹೇಳಿದಷ್ಟು ಹೊತ್ತೂ ಹಿಡಿಯಲಿಲ್ಲ.

ಉಳಿದವರು ಚಪ್ಪಾಳೆ ತಟ್ಟಿದರು. ನನಗೆ ಬಂಡಿಯ ಮೇಲಿನ ಹಗ್ಗ ಕಣ್ಣಿಗೆ ಕಟ್ಟಿತು. ಗಣಪತಿಯನ್ನು ಬಿಗಿದು ತಂದ ಹಗ್ಗ, ಬಿಚ್ಚಿ ಬಂಡಿಯ ಮೇಲೆಯೇ ಬಿದ್ದಿತ್ತು. ಸುತ್ತಲೂ ನೂರು ಜನ ಗಂಡಸರಿದ್ದರು. ಹೊಳೆಯ ಊರಿನವರು, ಈಜು ಬಲ್ಲವರು. ನಮ್ಮ ಮಾವ ಮೂರ್ಖನಲ್ಲ, ಅಂಜುಬುರುಕನಲ್ಲ. ಹಾರುವದೊಂದನ್ನೇ ನಮಗೆ ಯಾರಾದರೂ ಕಲಿಸಿದ್ದರು. ಎಸೆಯುವದನ್ನು ಯಾರೂ ಕಲಿಸಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಆ ಹಿರಿಯ ಗೈಡ್‌ನ ಬಳಿ ಕುಳಿತೆ. ಈ ವಿದ್ಯೆಯನ್ನು ಹೇಗೆ ಕಲಿಯುತ್ತಾರೆಂದು ಕಾರಕೂನನ ರೀತಿಯಲ್ಲಿ ಒಂದೊಂದಾಗಿ ಕೇಳಿದೆ. ಮೊದಲು ಕೂಗು, ಕೋಲು ಚಾಚು, ಹಗ್ಗ ಎಸೆ, ದೋಣಿ ಒಯ್ಯಿ. ಯಾವುದೂ ಆಗದಿದ್ದರೆ ಕೊನೆಗೆ ನೀರಿಗೆ ಇಳಿ, ಅದೂ ಜಾಕೀಟು ತೊಟ್ಟು, ದಂಡೆಯ ಮೇಲೆ ಬೇರೆಯವರು ಸಜ್ಜಾಗಿರುವಾಗ. ಈ ಕ್ರಮ ಅವರಿಗೆ ಮಗ್ಗಿಯಂತೆ ಬಾಯಿಪಾಠ. ನಮ್ಮ ಹುಡುಗನಿಗೆ ಮೊದಲ ತಿಂಗಳು ಕೊಟ್ಟ ಕೆಲಸ ಎರಡೇ: ದೋಣಿ ತೊಳೆಯುವದು, ಮತ್ತು ಸಂಜೆ ಮೈದಾನದಲ್ಲಿ ಒಂದು ಗೂಟಕ್ಕೆ ಹಗ್ಗದ ಚೀಲ ಎಸೆಯುವದು. ಬಲಗೈಯಿಂದ, ಎಡಗೈಯಿಂದ, ಚೀಲ ತುಂಬಲು ಸಮಯವಿಲ್ಲದಾಗ ಹಗ್ಗವನ್ನು ಸುರುಳಿ ಮಾಡಿ.

ಆಮೇಲೆ ನೀರನ್ನು ಓದುವದು. ಓದುವದು ಎಂದೇ ಅವರ ಮಾತು, ನಮ್ಮ ವಾಚನಾಲಯಕ್ಕೆ ಹೊಂದುವ ಮಾತು. ಎರಡು ಬಂಡೆಗಳ ನಡುವೆ ನೀರು ನುಣ್ಣಗೆ ನಾಲಿಗೆಯಂತೆ ಮುಂದೆ ಚಾಚಿದ್ದರೆ ಅದು ದಾರಿ. ನಾಲಿಗೆ ತಿರುವುಮುರುವಾಗಿ, ತುದಿ ನಮ್ಮ ಕಡೆಗೇ ಚೂಪಾಗಿದ್ದರೆ ಕೆಳಗೆ ಬಂಡೆಯಿದೆ. ದೊಡ್ಡ ಬಂಡೆಯ ಹಿಂದೆ ನೀರು ಮೇಲ್ಮುಖವಾಗಿ ತಿರುಗಿ ನಿಂತಿರುತ್ತದೆ. ಅದಕ್ಕೆ ಎಡ್ಡಿ ಎನ್ನುತ್ತಾರೆ, ದೋಣಿ ನಿಲ್ಲಿಸಿ ದಣಿವಾರಿಸಿಕೊಳ್ಳುವ ಧರ್ಮಶಾಲೆ ಅದು. ಕಟ್ಟೆಯಂತಹ ಅಂಚಿನಿಂದ ನೀರು ಧುಮುಕಿ ಬುಡದಲ್ಲಿ ತನ್ನ ಮೇಲೆಯೇ ಮಗುಚುತ್ತಿದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ದೋಣಿಯನ್ನೂ ಮನುಷ್ಯನನ್ನೂ ಹಿಡಿದು ಹೊರಳಿಸುತ್ತಲೇ ಇರುತ್ತದೆ. ನೋಡಲು ಸಣ್ಣದಾಗಿರುತ್ತದೆ, ಸಪ್ಪಳವೂ ಕಡಿಮೆ. ನೀರಿನ ವೇಗ ಎರಡು ಪಟ್ಟಾದರೆ ಅದರ ಒತ್ತು ನಾಲ್ಕು ಪಟ್ಟಾಗುತ್ತದೆ ಎಂಬ ಲೆಕ್ಕವನ್ನೂ ಆತ ಹೇಳಿದ. ಒಂದು ಘನಮೀಟರ್ ನೀರಿನ ತೂಕ ಒಂದು ಟನ್ ಎಂಬುದು ನನಗೆ ಗೊತ್ತಿತ್ತು. ಇವೆರಡನ್ನೂ ಕೂಡಿಸಿ ನಾನು ಯೋಚಿಸಿರಲಿಲ್ಲ.

ಹೊಳೆಗಳ ಇಳಿತಗಳಿಗೆ ಒಂದರಿಂದ ಆರರವರೆಗೆ ದರ್ಜೆಗಳಿವೆ. ಒಂದು ಎಂದರೆ ಸುಮ್ಮನೆ ಹರಿಯುವ ನೀರು, ಆರು ಎಂದರೆ ಬಹುತೇಕ ಯಾರೂ ಇಳಿಯಬಾರದ್ದು. ಕುಂಡಲಿಕೆಯದು ಎರಡು, ಮೂರು. ಮಳೆ ಜೋರಾದರೆ ಅದೇ ಹೊಳೆಯ ದರ್ಜೆ ಏರುತ್ತದೆ. ಗೈಡ್‌ಗಳಿಗೂ ಇದೇ ದರ್ಜೆಯ ಮೇಲೆ ಪರೀಕ್ಷೆ. ೧೯೯೭ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ರಾಫ್ಟಿಂಗ್ ಒಕ್ಕೂಟವು ಪರೀಕ್ಷಕರನ್ನು ಹೊಳೆಗೇ ಕಳಿಸಿ ದೋಣಿ ನಡೆಸುವದನ್ನು, ಮಗುಚಿದ ದೋಣಿಯನ್ನು ತಿರುಗಿಸುವದನ್ನು, ಹಗ್ಗ, ಗಂಟು, ಪ್ರಥಮ ಚಿಕಿತ್ಸೆ, ಉಸಿರು ನಿಂತವನ ಎದೆ ಒತ್ತುವದು, ಎಲ್ಲವನ್ನೂ ನೋಡಿ ಸರ್ಟಿಫಿಕೇಟು ಕೊಡುತ್ತದೆ. ಎಷ್ಟು ಸಲ ಯಾವ ಹೊಳೆ ಇಳಿದನೆಂದು ಪುಸ್ತಕದಲ್ಲಿ ಬರೆದಿಡಬೇಕು. ಸರ್ಟಿಫಿಕೇಟು ಜನ್ಮಕ್ಕೆಲ್ಲ ಅಲ್ಲ, ಮತ್ತೆ ಹೊಸದು ಮಾಡಿಸಬೇಕು. ನಮ್ಮ ದೇಶದಲ್ಲಿ ಗೋವೆಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಣೆಯ ಶಿಕ್ಷಣವಿದೆ. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ.

ನಾನು ಬೇಡ ಎನ್ನಲು ಹೋದವನು ಇದನ್ನೆಲ್ಲ ಕೇಳಿಕೊಂಡು ಬಂದೆ. ಆದರೂ ಒಪ್ಪಿಗೆ ಕೊಡಲಿಲ್ಲ. ಪಗಾರದ ಮಾತು ಇತ್ತು. ಅದನ್ನೂ ನಿಮ್ಮ ಮುಂದೆ ನೆಟ್ಟಗೆ ಇಡುತ್ತೇನೆ, ಯಾಕೆಂದರೆ ಇಲ್ಲಿ ಮಕ್ಕಳಿಗೆ ದಾರಿ ಹುಡುಕುವವರು ಬಹಳ ಜನ ಇದ್ದೀರಿ. ಮೊದಲ ನಾಲ್ಕು ತಿಂಗಳು ಅವನಿಗೆ ಸಿಕ್ಕದ್ದು ಊಟ, ಮಲಗುವ ಜಾಗ, ಕೈಖರ್ಚಿಗೆ ತುಸು ಹಣ. ಶನಿವಾರ ರವಿವಾರ ಜನ, ನಡುವಾರ ಬಿಕೋ. ನೀರು ಬಿಡದಿದ್ದರೆ ಕೆಲಸವಿಲ್ಲ. ಪ್ರಾವಿಡೆಂಟ್ ಫಂಡು ಎಂಬ ಶಬ್ದ ಅಲ್ಲಿ ಯಾರ ಬಾಯಲ್ಲಿಯೂ ಕೇಳಲಿಲ್ಲ. ಭುಜ ಕಳಚುವದು, ಬೆನ್ನು ಹಿಡಿಯುವದು ಸಾಮಾನ್ಯ. ನಲವತ್ತರ ಮೇಲೆ ಹುಟ್ಟು ಹಿಡಿಯುವವರು ಕಡಿಮೆ. ವಿಮೆ ಉಂಟೇ ಎಂದು ಕೇಳಿ, ಕಾಗದ ಕೈಯಲ್ಲಿ ಹಿಡಿದು ಓದಿದ ಮೇಲೆಯೇ ನಾನು ಎದ್ದು ಬಂದೆ. ನೀವೂ ಓದಿರಿ. ಬಾಯಿಮಾತಿನ ವಿಮೆ ಚಾಕಣದಲ್ಲಿಯೂ ಒಂದೇ, ಕೋಲಾಡದಲ್ಲಿಯೂ ಒಂದೇ.

ನನ್ನ ಮನಸ್ಸು ತಿರುಗಿದ್ದು ಮಳೆಗಾಲದ ಒಂದು ಸುದ್ದಿಯಿಂದ. ರಾತ್ರಿಯೆಲ್ಲ ಘಾಟಿನಲ್ಲಿ ಮಳೆ ಹೊಡೆದ ಒಂದು ಶನಿವಾರ, ಎರಡು ಬಸ್ಸು ತುಂಬ ಜನ ಪುಣೆಯಿಂದ ಬಂದಿದ್ದರಂತೆ. ಮುಂಗಡ ಹಣ ಕಟ್ಟಿದವರು. ಆ ಹಿರಿಯ ಗೈಡ್ ಹೊಳೆಯ ದಂಡೆಯಲ್ಲಿ ತಾನು ಗುರುತು ಮಾಡಿಟ್ಟ ಕಲ್ಲು ಮುಳುಗಿದ್ದನ್ನು ನೋಡಿ, ಇವತ್ತು ಇಲ್ಲ ಎಂದ. ಜನ ಬೈದರು. ಮಾಲಕನೂ ಗೊಣಗಿದ. ಆತ ಹುಟ್ಟು ಕೆಳಗಿಟ್ಟು ಚಹ ಕುಡಿಯುತ್ತ ಕುಳಿತ. ಅಂದು ಅವನಿಗೂ ಕೂಲಿ ಇಲ್ಲ, ನಮ್ಮ ಹುಡುಗನಿಗೂ ಇಲ್ಲ. ಹುಡುಗ ರಾತ್ರಿ ಫೋನು ಮಾಡಿ ಈ ಸಂಗತಿಯನ್ನು ಬೇರೆ ಯಾವ ಸಾಹಸವನ್ನೂ ಹೇಳದಷ್ಟು ಅಭಿಮಾನದಿಂದ ಹೇಳಿದ. ಇವನು ಒಳ್ಳೆಯವರ ಕೈಯಲ್ಲಿ ಇದ್ದಾನೆ ಎಂದು ನಾನು ಅಕ್ಕನಿಗೆ ತಿಳಿಸಿದೆ.

ಎಲ್ಲ ಕಡೆಗೂ ಹೀಗೆಯೇ ಇರುತ್ತದೆ ಎಂದು ತಿಳಿಯಬೇಡಿರಿ. ನಮ್ಮ ಕನ್ನಡನಾಡಿನಲ್ಲಿ ಕಾಳಿ ನದಿ ಇದಕ್ಕೆ ಹೆಸರಾದದ್ದು. ಉತ್ತರ ಕನ್ನಡದ ಗಣೇಶಗುಡಿಯಲ್ಲಿ ೧೦೧ ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ಹಳೆಯ ಸೂಪಾ ಊರು ಅದರ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟಿನ ಬುಡದ ವಿದ್ಯುದಾಗಾರದಿಂದ ಬಿಟ್ಟ ನೀರಿನ ಮೇಲೆ ಅಲ್ಲಿಯೂ ದೋಣಿ ನಡೆಯುತ್ತದೆ. ಬೊಮ್ಮನಹಳ್ಳಿಯ ಕಟ್ಟೆಯ ಹಿನ್ನೀರು ಸಿಕ್ಕಲ್ಲಿಗೆ ಓಟ ಮುಗಿಯುತ್ತದೆ. ಬಹಳ ಚೆಂದದ ಕಾಡು. ೨೦೨೨ರ ಏಪ್ರಿಲಿನಲ್ಲಿ ಅಲ್ಲಿ ಒಂದು ದೋಣಿಯಲ್ಲಿ ಹಿಡಿಸುವದಕ್ಕಿಂತ ಹೆಚ್ಚು ಜನರನ್ನು ತುಂಬಿ, ಅದು ಸೆಳವಿಗೆ ಸಿಕ್ಕು ಜನ ಬದುಕಿದ್ದೇ ಪುಣ್ಯವಾಯಿತು. ಜಿಲ್ಲಾಡಳಿತ ಕೆಲವು ಕಾಲ ಜಲಕ್ರೀಡೆ ನಿಲ್ಲಿಸಿತು. ಕೊಡಗಿನ ಬರಪೊಳೆ ಹೊಳೆಯಲ್ಲಿ ಮಳೆಗಾಲದಲ್ಲಿ ಮಾತ್ರ ದೋಣಿ. ಅದು ಕಾಳಿಗಿಂತಲೂ ಒರಟು ಎನ್ನುತ್ತಾರೆ. ನೀವು ಸೂಟಿಯಲ್ಲಿ ಮಕ್ಕಳೊಡನೆ ಎಲ್ಲಿಗಾದರೂ ಹೋಗುವದಾದರೆ ದರ ಕೇಳುವ ಮೊದಲು ಗೈಡ್‌ನ ಸರ್ಟಿಫಿಕೇಟು ಕೇಳಿರಿ, ದೋಣಿಯಲ್ಲಿ ಎಷ್ಟು ಜನ ಎಂದು ಕೇಳಿರಿ, ಹಗ್ಗದ ಚೀಲ ಎಲ್ಲಿದೆ ಎಂದು ನೋಡಿರಿ. ಪಾಠ ಹೇಳದೆ ದೋಣಿ ಹತ್ತಿಸುವವನ ದೋಣಿ ಹತ್ತಬೇಡಿರಿ.

ದೋಣಿಯೇ ಇಲ್ಲದೆ ನೀರಿಗೆ ಸಿಗುವವರೇ ಹೆಚ್ಚು. ೨೦೨೪ರ ಜೂನ್ ೩೦ರಂದು ಲೋಣಾವಳೆಯಲ್ಲಿ ಭುಶಿ ಕಟ್ಟೆಯ ಹಿಂದಿನ ಜಲಪಾತದಲ್ಲಿ ನಮ್ಮ ಪುಣೆಯದೇ ಒಂದು ಮನೆಯ ೫ ಜನ, ಅವರಲ್ಲಿ ಮಕ್ಕಳೂ, ಕೊಚ್ಚಿಹೋದರು. ರವಿವಾರ ಮಳೆ ನೋಡಲು ಹೋದವರು. ನಡುಬಂಡೆಯ ಮೇಲೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದರು. ದಂಡೆಯಲ್ಲಿ ಜನರಿದ್ದರು. ನಮ್ಮೂರ ಘಾಟಿನಲ್ಲಿ ಇದ್ದಂತೆಯೇ.

ನಮ್ಮ ಜನಕ್ಕೆ ಧೈರ್ಯ ಕಲಿಸಬೇಕಾಗಿಲ್ಲ ಎನ್ನುವದಕ್ಕೆ ಒಂದೇ ಸಂಗತಿ ಹೇಳುತ್ತೇನೆ. ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ನಡುವೆ ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆ ಇದೆ. ೨೦೧೪ರ ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನ ನೀರು ಬಂದು ಹೊಳೆ ತುಂಬಿತ್ತು, ದೋಣಿ ನಿಂತಿತ್ತು. ಅಲ್ಲಿಯ ಒಬ್ಬ ತುಂಬು ಬಸುರಿ, ಹೆರಿಗೆಗೆ ಆಸ್ಪತ್ರೆ ಸೇರಬೇಕೆಂದು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರು ಸುತ್ತ ಈಸುತ್ತಿರಲು, ಆ ಹೊಳೆಯನ್ನು ಈಸಿ ದಡ ಸೇರಿದಳು. ಪತ್ರಿಕೆಗಳಲ್ಲಿ ಬಂತು, ಎಲ್ಲರೂ ಹೊಗಳಿದರು. ಅವಳಿಗೆ ಸೋರೆಬುರುಡೆ ಕಟ್ಟಿಕೊಳ್ಳುವ ಬುದ್ಧಿ ಇತ್ತು, ಸುತ್ತಲೂ ಜನರನ್ನು ಇಟ್ಟುಕೊಳ್ಳುವ ಬುದ್ಧಿ ಇತ್ತು ಎಂಬುದನ್ನು ನಾನು ಕೋಲಾಡಕ್ಕೆ ಹೋಗಿ ಬಂದಮೇಲೆ ಗಮನಿಸಿದೆ. ಆ ಹೊಳೆಗೆ ಸೇತುವೆ ಯಾಕೆ ಇರಲಿಲ್ಲ ಎಂಬುದು ಬೇರೆಯೇ ಭಾಷಣ.

ನಮ್ಮ ಹುಡುಗ ಈಗ ದೋಣಿಯ ಹಿಂಬದಿಗೆ ಕುಳಿತು, ಪಕ್ಕದಲ್ಲಿ ಹಿರಿಯನನ್ನು ಇಟ್ಟುಕೊಂಡು, ಖಾಲಿ ದೋಣಿ ನಡೆಸುವಷ್ಟಾಗಿದ್ದಾನೆ. ಪರೀಕ್ಷೆ ಇನ್ನೂ ಮುಂದಿದೆ. ನಪಾಸಾಗುವ ಸಂಭವವೂ ಇದೆ, ಗಂಟು ಹಾಕುವದರಲ್ಲಿ ಅವನ ಕೈ ನಿಧಾನ. ಅಕ್ಕ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ದಿನಾ ಸಂಜೆ ಫೋನು ಮಾಡುತ್ತಾಳೆ. ಮೊದಲು "ಉಂಡ್ಯಾ?" ಎಂದು ಕೇಳುತ್ತಿದ್ದಳು. ಈಗ "ಇವತ್ತು ನೀರು ಎಷ್ಟು ಬಿಟ್ಟಿದ್ರು?" ಎಂದು ಕೇಳುತ್ತಾಳೆ.

ಬರುವ ತಿಂಗಳ ಎರಡನೆಯ ಬುಧವಾರ ಅವನಿಗೆ ಬಿಡುವಿದೆ, ಇಲ್ಲಿಗೆ ಬರುತ್ತಾನೆ. ವಾಚನಾಲಯದ ಹಿಂದಿನ ಅಂಗಳದಲ್ಲಿ ಸಂಜೆ ಆರೂವರೆಗೆ ಹಗ್ಗ ಎಸೆಯುವದನ್ನು ತೋರಿಸಲಿದ್ದಾನೆ. ಚೀಲ ಒಂದೇ ಇದೆ, ಆದ್ದರಿಂದ ಸಾಧ್ಯವಿದ್ದವರು ಮನೆಯಿಂದ ಹತ್ತು ಹನ್ನೆರಡು ಮಾರು ಹಗ್ಗ ತರಬೇಕು. ಹಳೆಯದಾದರೂ ನಡೆಯುತ್ತದೆ, ನೈಲಾನಿನದಾದರೆ ಒಳ್ಳೆಯದು. ಹೆಣ್ಣುಮಕ್ಕಳೂ ಬರಬೇಕು, ಎಸೆಯುವದಕ್ಕೆ ತೋಳಿನ ಬಲಕ್ಕಿಂತ ಗುರಿ ಮುಖ್ಯವಂತೆ. ಅಂದು ಬರುವಾಗ, ಕಳೆದ ದೀಪಾವಳಿ ವಿಶೇಷಾಂಕವನ್ನು ಒಯ್ದವರು ಅದನ್ನೂ ತಂದರೆ ಉಪಕಾರವಾಗುತ್ತದೆ.